‘ಕೇಳ್ತೀನಿ’ ಎಂಬ ಐದು ಮಾತ್ರೆ

ಕಳೆದ ವಾರ ಮಗಳಿಗೆ ಲಘು-ಗುರು ಹಾಕುವುದನ್ನು, ಅಂದರೆ ಅಕ್ಷರಗಳನ್ನು ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಎಂದು ಗುರುತಿಸುವುದನ್ನು ಹೇಳಿಕೊಡುತ್ತಿದ್ದಾಗ, ಪಠ್ಯದ ಷಟ್ಪದಿ ಅವಳಿಗೆ ಬೇಸರ ತಂದದ್ದನ್ನು ಕಂಡು, ಹಂಸಲೇಖ ಅವರ ‘ಚೆಲುವೆ ಒಂದು ಕೇಳ್ತೀನಿ’ ಎಂಬ ಸಾಲನ್ನು ಬರೆದುಕೊಟ್ಟೆ. ಚೆಲುವೆಗೆ ಮೂರು ಮಾತ್ರೆ, ಒಂದು ಎಂಬುದಕ್ಕೆ ಮೂರು, ಕೇಳ್ತೀನಿಗೆ ಐದು. ವ್ಯಾಕರಣದ ಮೇಷ್ಟರು ಒಪ್ಪುವಂತೆ ‘ಕೇಳುವೆನು’ ಎಂದು ತಿದ್ದಿದರೂ ಲೆಕ್ಕ ಐದೇ ಬರುತ್ತದೆ. ಆದರೆ ಹಾಗೆ ಹಾಡಿ ನೋಡಿದರೆ ಎರಡು ಗುರುಗಳ ಮೇಲೆ ಬೀಳುವ ಒತ್ತು ಕರಗಿಹೋಗಿ, ಹುಡುಗಿಯನ್ನು ರೇಗಿಸುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಕಂದಪದ್ಯ ಓದತೊಡಗಿದಂತೆ ಕೇಳಿಸುತ್ತದೆ.

ಪದವನ್ನೂ ರಾಗವನ್ನೂ ಒಬ್ಬರೇ ಕಟ್ಟಿದಾಗ ಮಾತ್ರ ಇಂಥ ಆಯ್ಕೆ ಅಷ್ಟು ಸಲೀಸಾಗಿ ಆಗುತ್ತದೆಂದು ನನ್ನ ಎಣಿಕೆ. ಹಂಸಲೇಖರಿಗೂ ಹಿಂದೆ ನಮ್ಮ ಚಿತ್ರಗಳಲ್ಲಿ ಸಾಮಾನ್ಯವಾಗಿ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಮೊದಲಾದವರು ಬರೆಯುತ್ತಿದ್ದರು, ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಮೊದಲಾದವರು ಸಂಗೀತ ನೀಡುತ್ತಿದ್ದರು. ಗಂಗರಾಜು ಎಂಬ ಹೆಸರಿನ ನಾಟಕದ ಹುಡುಗನಾಗಿದ್ದ ಹಂಸಲೇಖರೂ ಚಿತ್ರರಂಗಕ್ಕೆ ಬಂದದ್ದು ಗೀತರಚನಕಾರರಾಗಿಯೇ. 1987ರ ‘ಪ್ರೇಮಲೋಕ’ದಲ್ಲಿ ಎರಡೂ ಕೆಲಸಗಳು ಒಂದೇ ಕೈಗೆ ಬಂದವು. ಅದುವರೆಗೆ ತಾವರೆಗೋ ಚಂದ್ರನಿಗೋ ಹೋಲುತ್ತಿದ್ದ ನಾಯಕಿ ನಿಂಬೆಹಣ್ಣಿಗೆ ಹೋಲತೊಡಗಿದಳು. ನಮ್ಮ ತಂದೆಯವರು ಈ ಹೋಲಿಕೆಯನ್ನು ಕೊನೆಯವರೆಗೂ ಕ್ಷಮಿಸಲಿಲ್ಲ, ಆದರೆ ಸ್ನಾನದ ಮನೆಯಲ್ಲಿ ಅದನ್ನೇ ಗುನುಗುತ್ತಿದ್ದರು.

ಆಡುಮಾತಿನ ಕವಿ ಎಂದಷ್ಟೇ ಹೇಳಿ ಅವರನ್ನು ಬದಿಗಿಡುವವರು 1993ರ ‘ಆಕಸ್ಮಿಕ’ ಚಿತ್ರಕ್ಕಾಗಿ ಅವರು ಬರೆದು, ಡಾ. ರಾಜ್‌ಕುಮಾರ್ ಹಾಡಿದ ಗೀತೆಯನ್ನು ಒಮ್ಮೆ ಕಾಗದದ ಮೇಲೆ ಇಟ್ಟು ನೋಡಬೇಕು. ಮೊದಲ ಸಾಲು ‘ಹುಟ್ಟಿದರೆ’ ಎಂದು ಶುರುವಾದರೆ ಎರಡನೆಯದು ‘ಮೆಟ್ಟಿದರೆ’ ಎಂದು ಶುರುವಾಗುತ್ತದೆ. ಎರಡನೆಯ ಅಕ್ಷರದಲ್ಲಿ ಕೂತಿರುವ ಆ ‘ಟ್ಟ’ ಹಳಗನ್ನಡದ ಆದಿಪ್ರಾಸವೇ ಹೊರತು ಬೇರೇನಲ್ಲ. ಅದರ ಹಿಂದೆಯೇ ಬರುವ ‘ಬದುಕಿದು ಜಟಕಾ ಬಂಡಿ’ ಡಿ.ವಿ.ಜಿ. ಅವರ ಕಗ್ಗದಿಂದ ಇಳಿದು ಬಂದದ್ದು. ಕಗ್ಗದಲ್ಲಿ ವಿಧಿ ಬಂಡಿಯ ಸಾಹೇಬ, ಮನುಷ್ಯ ಅವನು ಹೇಳಿದ ಕಡೆಗೆ ಓಡುವ ಕುದುರೆ. ಹಂಸಲೇಖರು ಕುದುರೆಯನ್ನು ಕೈಬಿಟ್ಟು, ವಿಧಿಯೇ ಓಡಿಸುವ ಬಂಡಿಯನ್ನಷ್ಟೇ ಉಳಿಸಿಕೊಂಡಿದ್ದಾರೆ. ತತ್ತ್ವ ತುಸು ತೆಳುವಾಯಿತು, ನಿಜ. ಆದರೆ ಕಗ್ಗ ಓದದವರ ಬಾಯಲ್ಲೂ ಜಟಕಾ ಬಂಡಿ ಉರುಳಿತು.

ಅವರ ಎಲ್ಲ ಹಾಡುಗಳೂ ಈ ಎತ್ತರದವಲ್ಲ. ನೂರಾರು ಚಿತ್ರಗಳ ಒತ್ತಡದಲ್ಲಿ ಪ್ರಾಸ ಅರ್ಥವನ್ನು ಎಳೆದುಕೊಂಡು ಹೋದ, ದ್ವಂದ್ವಾರ್ಥವೇ ಚಮತ್ಕಾರವೆಂದು ಬಗೆದ ಗೀತೆಗಳೂ ಇವೆ. ಅವುಗಳನ್ನು ಕಿರುತೆರೆಯ ವೇದಿಕೆಯಲ್ಲಿ ಎಳೆಯ ಮಕ್ಕಳು ಹಾಡುವುದನ್ನು ಕೇಳಿದಾಗ ನನಗೆ ಮುಜುಗರವಾಗುತ್ತದೆ. ಅದೇ ಲೇಖನಿ 1990ರ ‘ಮುತ್ತಿನ ಹಾರ’ಕ್ಕಾಗಿ ‘ದೇವರು ಹೊಸೆದ ಪ್ರೇಮದ ದಾರ’ ಎಂದು ಬರೆದು, ಎಂ. ಬಾಲಮುರಳಿಕೃಷ್ಣ ಅವರ ಕಂಠಕ್ಕೆ ಒಪ್ಪಿಸಿತ್ತು ಎಂಬುದು ನೆನಪಾದರೆ ಮುಜುಗರ ಇನ್ನಷ್ಟು ಹೆಚ್ಚುತ್ತದೆ.

ಗದಗಿನ ಅಂಧ ಸಂಗೀತಗಾರರಾದ ಪಂಚಾಕ್ಷರಿ ಗವಾಯಿಗಳ ಬದುಕನ್ನು ಕುರಿತ ಚಿತ್ರ ಹಂಸಲೇಖರಿಗೆ 1995ನೇ ಸಾಲಿನ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟಿತು. ಅದೇ ಚಿತ್ರದ ‘ಉಮಂಡು ಘುಮಂಡು’ ಗೀತೆಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಪ್ರಶಸ್ತಿ ಬಂದಿತು. ಗುರುವಿನಿಂದ ಬಂದ ಹೆಸರಿನಲ್ಲೇ ಲೇಖನಿಯನ್ನು ಇಟ್ಟುಕೊಂಡ ಈ ಕವಿಗೆ ಆ ಪ್ರಶಸ್ತಿ ಸಂದದ್ದು ಮಾತ್ರ ಸಂಗೀತ ನಿರ್ದೇಶನಕ್ಕೆ.