ಯಾರ ಮನೆ ಗಾಜು ಒಡೀಬೇಕು?

ಕಲಬುರಗಿ, ಮೇ 11, 2025, ಭಾನುವಾರ

ರಣಬಿಸಿಲು. ಹನ್ನೊಂದರ ಮೇಲೆ ಹೊರಗೆ ಕಾಲಿಡೋ ಹಾಗಿಲ್ಲ. ರಜೆಗೆ ಬಂದ ಅಕ್ಕನ ಮಗನನ್ನು ಕೂಲರ್ ಮುಂದೆ ಕೂರಿಸಿ, ಲ್ಯಾಪ್‌ಟಾಪಿನಲ್ಲಿ 'ಪೇಪರ್‌ಬಾಯ್' ಹಾಕಿಕೊಟ್ಟೆ. ಅಟಾರಿ ಗೇಮ್ಸ್‌ನವರ 1985ರ ಆರ್ಕೇಡ್ ಆಟ, ಅಂದರೆ ಕಾಸು ಹಾಕಿ ದೊಡ್ಡ ಯಂತ್ರದ ಮುಂದೆ ಆಡೋ ವಿಡಿಯೋ ಗೇಮ್. ಮೂಲ ಯಂತ್ರದಲ್ಲಿ ಸೈಕಲ್ ಹ್ಯಾಂಡಲ್ಲನ್ನೇ ಕೂರಿಸಿದ್ದರಂತೆ. ಮುಂದಕ್ಕೆ ತಳ್ಳಿದರೆ ಜೋರು, ಹಿಂದಕ್ಕೆ ಎಳೆದರೆ ನಿಧಾನ. ನಮಗೆ ಕೀಬೋರ್ಡೇ ಗತಿ.

ಸೋಮವಾರದಿಂದ ಭಾನುವಾರದವರೆಗೆ ಪೇಪರ್ ಹಾಕಬೇಕು. ಚಂದಾದಾರರ ಮನೆಗೆ ತಪ್ಪಿಸಿದರೆ ಅವರು ಪೇಪರ್ ಬಿಡಿಸಿಬಿಡುತ್ತಾರೆ. ಪೇಪರ್ ತರಿಸದವರ ಮನೆ ಗಾಜು ಒಡೆದರೆ ಪಾಯಿಂಟು! ನಮ್ಮ ಹುಡುಗನಿಗೆ ಇದೊಂದೇ ತಲೆಗೆ ಹೋಯಿತು. ಗಾಜು ಒಡೆಯುತ್ತಾ ಹೋದ. ಕೈಲಿರೋದು ಹತ್ತೇ ಪೇಪರ್, ದಾರಿಯಲ್ಲಿ ಬಿದ್ದಿರೋ ಕಟ್ಟು ಎತ್ತಿಕೊಳ್ಳೋ ಅಂದರೆ ಕೇಳಬೇಕಲ್ಲ? ಚಂದಾದಾರರು ಒಬ್ಬೊಬ್ಬರೇ ಖಾಲಿಯಾದರು. ಕೆಲಸ ಹೋಯಿತು.

ಆಟದ ಮಜಾ ಇರೋದು ಎಸೆಯೋದರಲ್ಲಲ್ಲ, ಕಣ್ಣಿನಲ್ಲಿ. ಮನೆಗಳೆಲ್ಲ ಎಡಕ್ಕೆ, ದಾರಿ ಓರೆಯಾಗಿ ಮುಂದಕ್ಕೆ. ಬಾಗಿಲು ನೋಡಿದರೆ ದಾರಿ ತಪ್ಪುತ್ತದೆ, ದಾರಿ ನೋಡಿದರೆ ಬಾಗಿಲು ಹಿಂದೆ ಬೀಳುತ್ತದೆ. ಸೈಕಲ್ ಅಂತೂ ನಿಲ್ಲೋದೇ ಇಲ್ಲ. ಅಷ್ಟರಲ್ಲಿ ನಾಯಿ, ತಾನಾಗಿ ಓಡೋ ಹುಲ್ಲು ಕತ್ತರಿಸೋ ಯಂತ್ರ, ಬ್ರೇಕ್ ಡ್ಯಾನ್ಸ್ ಮಾಡುವವನು. ಸಾಕ್ಷಾತ್ ಸಾವೇ ಕುಡುಗೋಲು ಹಿಡಿದು ಅಡ್ಡ ಬರುತ್ತದೆ. ಇದರಲ್ಲಿ ನಾಯಿ ಮಾತ್ರ ನಮ್ಮ ಗಲ್ಲಿಯದ್ದು ಅನ್ನಿಸಿತು.

ಸಂಜೆ ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಕಾಲೇಜು ಓದುವಾಗ ಅವನು ಸ್ಟೇಷನ್ ಬಜಾರ್ ಕಡೆ ಪೇಪರ್ ಲೈನ್ ಹಾಕುತ್ತಿದ್ದ. ಬೆಳಗಿನ ಜಾವ ಕಟ್ಟು ಬಿಚ್ಚಿ, ಪುರವಣಿ ಸೇರಿಸಿ, ಹ್ಯಾಂಡಲ್ಲಿಗೆ ಚೀಲ ನೇತುಹಾಕಿ ಹೊರಡುತ್ತಿದ್ದ. ಮಹಡಿ ಮನೆಗೆ ಎಸೆಯೋ ಪೇಪರನ್ನು ಮಡಚೋದೇ ಬೇರೆ. ಮೂರು ಮಡಿಕೆ ಮಾಡಿ, ಒಂದು ತುದಿಯನ್ನು ಇನ್ನೊಂದರೊಳಗೆ ಗಟ್ಟಿಯಾಗಿ ತುರುಕಬೇಕು. ಸಡಿಲ ಬಿಟ್ಟರೆ ಗಾಳಿಯಲ್ಲೇ ಬಿಚ್ಚಿಕೊಂಡು, ಕ್ರೀಡಾ ಪುಟ ಒಬ್ಬರ ಅಂಗಳಕ್ಕೆ, ಮುಖಪುಟ ಚರಂಡಿಗೆ. ಆಮೇಲೆ ಬೈಗುಳ.

ಗಾಜಿನ ವಿಷಯ ಕೇಳಿ ಜೋರಾಗಿ ನಕ್ಕ. "ತರಿಸದವರು ಏನು ಪಾಪ ಮಾಡಿದ್ದಾರೋ? ತಿಂಗಳಿಡೀ ಓದಿ, ಬಿಲ್ ಕೇಳೋಕೆ ಹೋದರೆ ನಾಳೆ ಬಾ ಅಂತಾರಲ್ಲ, ಅವರ ಮನೇದು ಒಡೀಬೇಕು" ಅಂದ. ಆಟದಲ್ಲಿ ಬಿಲ್ ವಸೂಲಿಯೇ ಇಲ್ಲ ಅಂದೆ. ಹಾಗಾದರೆ ಅದು ಮಕ್ಕಳಾಟ ಬಿಡು ಅಂತ ಫೋನ್ ಇಟ್ಟ.