ಹೆಬ್ಬಾತು ಎಣಿಕೆ, ಮೂರನೇ ಚಳಿಗಾಲ: ನಡುವೆ ಒಂದು ಕೆಟಲ್

ಈ ಸಲ ಪುಣೆ ಜಿಲ್ಲೆಯ ಭಿಗವಣಕ್ಕೆ ಮೂರು ಸುತ್ತು ಆಯಿತು. ಮೊದಲೆರಡು ಚಹಾಕ್ಕೆ ಹೋದವು.

ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಕ್ಕೆ ಬಿದ್ದು ಮೇಯುತ್ತವೆ, ಬೆಳಕು ಹರಿಯುವಾಗ ಅಲ್ಲಿನ ಉಜನಿ ಅಣೆಕಟ್ಟಿನ ಹಿನ್ನೀರಿಗೆ ವಾಪಸ್ಸು. ಎಣಿಸುವುದಿದ್ದರೆ ಆ ಇಳಿಯುವ ಹೊತ್ತಲ್ಲೇ ಎಣಿಸಬೇಕು. ಆಮೇಲೆ ಕೊಕ್ಕನ್ನು ರೆಕ್ಕೆಗೆ ಸಿಕ್ಕಿಸಿ ಮಲಗಿಬಿಡುತ್ತವೆ. ತಲೆಯ ಎರಡು ಕಪ್ಪು ಪಟ್ಟೆ ಕಾಣದಿದ್ದರೆ ದೂರಕ್ಕೆ ಬೂದು ಕಲ್ಲುಗಳೇ. ಹಡಪಸರದಿಂದ ನಾಲ್ಕಕ್ಕೆ ಹೊರಟರೂ ನಮ್ಮ ತಂಡ ಸೋಲಾಪುರ ರಸ್ತೆಯ ಧಾಬಾ ದಾಟುವುದಿಲ್ಲ. ಬರೀ ಚಹಾ ಅಂತ ಇಳಿದವರು ಪೋಹೆ ತಿಂದೇ ಏಳುವುದು.

ಅದಕ್ಕೇ ಡಿಸೆಂಬರಿನಲ್ಲಿ ಕಾರಿನ ಲೈಟರ್ ಸಾಕೆಟ್ಟಿಗೆ ಚುಚ್ಚುವ ಒಂದು ಲೀಟರಿನ ಕೆಟಲ್ ತರಿಸಿದೆ. ಲೋಣಿಯಲ್ಲಿ ಚುಚ್ಚಿದ್ದು, ಯವತ್ ಬಂದರೂ ನೀರು ಕೂಸಿಗೆ ಎರೆಯುವಷ್ಟೇ ಬೆಚ್ಚಗಿತ್ತು. ನಮ್ಮ ಮನೆಯವರು ಸ್ಟೇರಿಂಗ್ ಹಿಡಿದೇ ಲೆಕ್ಕ ಹೇಳಿದರು: 12 ವೋಲ್ಟು, 10 ಆಂಪಿಯರ್ ಫ್ಯೂಸು, ಅಂದರೆ 120 ವ್ಯಾಟ್. ಲೀಟರ್ ನೀರು ಕುದಿಯಲು ಮುಕ್ಕಾಲು ಗಂಟೆ ಬೇಕೇ ಬೇಕು. ಮನೆಯಲ್ಲಿ 1500 ವ್ಯಾಟಿನದಕ್ಕೆ ನಾಲ್ಕು ನಿಮಿಷ ಸಾಕು. “ತರಿಸೋಕ್ಕಿಂತ ಮುಂಚೆ ಒಂದು ಮಾತು ಕೇಳಬಾರದಿತ್ತಾ?” ಕೇಳಬಹುದಿತ್ತು. ಬಳಸಿದ್ದನ್ನು ವಾಪಸ್ ತಗೊಳ್ಳಲ್ಲ ಅಂದರು ಮಾರಿದವರು. ಈಗ ಅದರಲ್ಲಿ ಕೊತ್ತಂಬರಿ ಮೊಳೆತಿದೆ.

ಎರಡನೆಯದನ್ನು ಅಂಗಡಿಗೇ ಹೋಗಿ, ಮುಚ್ಚಳ ತೆಗೆದು, ಒಳಗೆ ಕೈ ಹಾಕಿ ನೋಡಿ ತಂದೆ. ಕೈ ಹೋಗದಿದ್ದರೆ ತೊಳೆಯುವುದು ಹೇಗೆ? ಒಳಗೆಲ್ಲ ಸ್ಟೀಲು, ತಳ ಸಪಾಟು, ಕಾಯಿಲ್ ಹೊರಗೆ ಕಾಣುವುದಿಲ್ಲ. ಇದು ತಾನಾಗಿ ಆಫ್ ಆಗುವುದು ಆವಿಯಿಂದ: ಬಿಸಿ ಆವಿ ತಾಗಿ ಲೋಹದ ಪಟ್ಟಿ ಬಾಗಿದರೆ ಸ್ವಿಚ್ ಹಾರುತ್ತದೆ. ಮುಚ್ಚಳ ತೆರೆದಿಟ್ಟರೆ ಕುದಿಯುತ್ತಲೇ ಇರುತ್ತದೆ. ಹಾಲು ಮಾತ್ರ ಬೇಡ, ತಳ ಹಿಡಿಯುತ್ತದೆ. ಆದ್ದರಿಂದ ಮನೆಯಲ್ಲೇ ಕುದಿಸಿದ, ಶುಂಠಿ ಹಾಕಿದ ಕರಿ ಚಹಾ, ಫ್ಲಾಸ್ಕಿಗೆ ತುಂಬಿ. ತಂಡದಲ್ಲಿ ಗೊಣಗಾಟ ಇದೆ.

ಜನವರಿ ಸುತ್ತಿನಲ್ಲಿ ಧಾಬಾ ತಪ್ಪಿಸಿ, ಕತ್ತಲಿರುವಾಗಲೇ ಕುಂಭಾರಗಾಂವ್ ದಡ. ನೀರು ಇಳಿದು ಕೆಸರು, ಎಳೆ ಹುಲ್ಲು ಬಿಟ್ಟುಕೊಂಡಿತ್ತು. ಮೊದಲು ಬಂದದ್ದು ದನಿ, ಮೂಗಿನಲ್ಲಿ ಮಾತಾಡಿದ ಹಾಗೆ ಆಂಗ್ ಆಂಗ್. ಆಮೇಲೆ ಸಾಲು. ಹತ್ತು ಹಕ್ಕಿ ಎಣಿಸಿ, ಆ ಹತ್ತರ ಅಗಲವನ್ನೇ ಕಣ್ಣಲ್ಲಿ ಅಳತೆ ಮಾಡಿಕೊಂಡು ಸಾಲಿನ ಉದ್ದಕ್ಕೂ ಇಡುತ್ತ ಹೋದೆ. ನನ್ನದು 184, ಮನೆಯವರದು 197, ಫೋಟೋ ದೊಡ್ಡದು ಮಾಡಿ ಎಣಿಸಿದರೆ 191. ಈ ಎರಡು-ಮೂರು ಕಿಲೋ ಹಕ್ಕಿ ಹಿಮಾಲಯ ದಾಟಿ ಬಂದದ್ದು, ಏಳು ಸಾವಿರ ಮೀಟರ್ ಎತ್ತರದಲ್ಲೂ ದಾಖಲಾಗಿದೆ. ತೆಳು ಗಾಳಿಯಲ್ಲೂ ಆಮ್ಲಜನಕ ಹಿಡಿಯುವ ರಕ್ತ ಅದರದು. ಗದಗ ಕಡೆಯ ನನಗೆ ಮಾತ್ರ ಇದು ಮಾಗಡಿ ಕೆರೆಯ ಹಕ್ಕಿ. ಆ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು ಅಂತ ಊರಿಗೆ ಫೋನ್ ಮಾಡಿದರೆ ಅಮ್ಮ, “ಪಟ್ಟಿ ಇರಲಿ, ಕಡಲಿ ಹೊಲಾ ಬಿಡ್ತಾವೇನು?” ಅಂದಳು.

ಒಂದು ಹೆಬ್ಬಾತಿನ ಕೊರಳಲ್ಲಿ ಅಕ್ಷರ ಬರೆದ ಹಸಿರು ಗುರುತಿನ ಪಟ್ಟಿ ಇತ್ತು. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದವು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಅಕ್ಷರ ಓದಲು ದುರ್ಬೀನು ಎತ್ತಿದೆ, ಅದೇ ಗಳಿಗೆಗೆ ಪಕ್ಕದಲ್ಲಿ ಯಾರೋ ಫ್ಲಾಸ್ಕಿನ ಮುಚ್ಚಳ ತೆಗೆದರು. ಗಾಜಿನ ಆವಿ ಒರೆಸುವಷ್ಟರಲ್ಲಿ ಅದು ಗುಂಪಿನೊಳಗೆ ಸೇರಿತ್ತು. ಫೆಬ್ರವರಿ ಸುತ್ತಿನಲ್ಲಿ ಫ್ಲಾಸ್ಕು ಕಾರಿನಲ್ಲೇ.