ಮಂಗಳವಾರದ ಬೇಲೂರು

ಬೇಲೂರಲ್ಲಿ ಬಸ್ಸಿಳಿದಾಗ ಚಿಕ್ಕಪ್ಪ ಆಗಲೇ ಬಂದು ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಹಳೇ ಚೀಟಿಗಳು. "ದೇವಸ್ಥಾನ ಆಮೇಲೆ ಕಣ್ಲಾ, ಮೊದ್ಲು ಆಸ್ಪತ್ರೆ" ಎಂದರು. ಬೇಲೂರಿಗೆ ಬಂದು ಚೆನ್ನಕೇಶವನನ್ನು ಕಾಯಿಸುವವರು ಇವರೊಬ್ಬರೇ ಇರಬೇಕು.

ಮಂಗಳವಾರ ಅಲ್ವಾ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆ 2014ರಲ್ಲಿ ಶುರುವಾದ ಮೇಲೆ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಸಾಲಿನಲ್ಲಿ ಯಾರು ಬೀಪಿಗೆ ಬಂದವರು, ಯಾರು ಮನಸ್ಸಿನ ಕಾಯಿಲೆಗೆ ಬಂದವರು ಗೊತ್ತೇ ಆಗಲಿಲ್ಲ. ಮಾತ್ರೆ ತಗೊಂಡು ಹಾಸನದ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಹಳೇ ಕಥೆ ಬಂತು. ಇಪ್ಪತ್ತಾರರ ವಯಸ್ಸಿನಲ್ಲಿ ಚಿಕ್ಕಪ್ಪನ ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದರಂತೆ. ಬೇವಿನ ಸೊಪ್ಪಿನ ಏಟು, ತಾಯಿತ, ಕೊನೆಗೆ ಕೊಟ್ಟಿಗೆ ಕಂಬಕ್ಕೆ ಹಗ್ಗ. ಈಗ ಸರಪಳಿ ಹಾಕಿ ಕಟ್ಟಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾನೂನೇ ಹೇಳುತ್ತದೆ. ಆಗ ಅವರನ್ನು ಬಿಚ್ಚಿಸಿದ್ದು ಅಜ್ಜಿ. ಬಿಚ್ಚಿಸಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಆ ಆಸ್ಪತ್ರೆಯ ಬೇರು 19ನೇ ಶತಮಾನದ್ದು. 'ಲೂನಾಟಿಕ್ ಅಸೈಲಂ' ಅನ್ನೋ ಹೆಸರು ತೆಗೆದು ಮೆಂಟಲ್ ಹಾಸ್ಪಿಟಲ್ ಅಂತ ಮಾಡಿದ್ದು 1925ರಲ್ಲಿ, ನಿಮ್ಹಾನ್ಸ್ ಆಗಿದ್ದು 1974ರಲ್ಲಿ. ನಮ್ಮೂರ ಬಾಯಲ್ಲಿ ಮಾತ್ರ ಇವತ್ತಿಗೂ ಹುಚ್ಚಾಸ್ಪತ್ರೆನೇ.

"ಅಲ್ಲಿ ಬೀಗ ಹಾಕ್ತಾರೆ ಅಂದ್ಕೊಂಡಿದ್ದೆ. ನಿಮ್ಮಜ್ಜಿ ಪಕ್ಕದಲ್ಲೇ ಚಾಪೆ ಹಾಸ್ಕೊಂಡು ಮಲಗಿದ್ಲು."

ನನಗೆ ದೊಡ್ಡದು ಅನ್ನಿಸಿದ್ದು ಆ ಚಾಪೆ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಎಂಬ ಮನೋವೈದ್ಯರು ಮಾನಸಿಕ ಆಸ್ಪತ್ರೆಯ ಅಂಗಳದಲ್ಲೇ ಟೆಂಟು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಅಂತ ಮನೆಯವರಿಗೇ ಕಲಿಸಿದರು. ಗೋಡೆ ಎತ್ತರಿಸುತ್ತಿದ್ದ ಕಾಲದಲ್ಲಿ ಹೀಗೆ ಯೋಚನೆ ಮಾಡೋಕೆ ಧೈರ್ಯ ಬೇಕು. ಮಾತ್ರೆ ಬರೆಯುವುದು ವಿದ್ಯೆ, ಅಜ್ಜಿಗೊಂದು ಚಾಪೆ ಜಾಗ ಬಿಡುವುದು ಕಲೆ.

ನಿಮ್ಹಾನ್ಸ್‌ನಲ್ಲಿ ರೋಗಿಗಳಿಗೆ ಕೆಲಸ ಕಲಿಸುವ ವಿಭಾಗವೂ ಇತ್ತು. ನೇಯ್ಗೆ, ಮೇಣದಬತ್ತಿ, ಬೇಕರಿ. ಚಿಕ್ಕಪ್ಪ ಬೇಕರಿ ಸೇರಿದರು. ಹಿಟ್ಟು ನಾದುವಾಗ ಕಿವಿಯ ಮಾತು ಸಣ್ಣಗಾಗುತ್ತಿತ್ತಂತೆ.

ಮಾತಿನ ನಡುವೆಯೇ ದೊಡ್ಡಗದ್ದವಳ್ಳಿ ದಾರಿ ಬಂತು, ಇಳಿದೆವು. ಒಳಗೆ ಸ್ವಲ್ಪ ದೂರ. ತೆಂಗಿನ ತೋಟ, ಕೆರೆ, ಕೆರೆ ಪಕ್ಕ ಲಕ್ಷ್ಮೀದೇವಿ ಗುಡಿ. ಸುಮಾರು 1113ರ ಹೊತ್ತಿಗೆ ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿ, ಅದರಲ್ಲಿ ಒಂದು ಕಾಳಿಯದು. ಬೇಲೂರಿನ ಕೆತ್ತನೆ ನೋಡಿದ ಕಣ್ಣಿಗೆ ಗೋಡೆ ಸಪ್ಪೆ ಕಾಣಬಹುದು. ನನಗೆ ಆ ಸರಳತೆಯೇ ಹಿಡಿಸಿತು.

ಕಾಳಿಯ ಬಾಗಿಲ ಎರಡೂ ಕಡೆ ಬೇತಾಳಗಳು. ಎದೆಗೂಡು ಎಣಿಸಬಹುದು, ಅಷ್ಟು ಒಣಕಲು. ಒಳಗೆ ಕತ್ತಲೆ. ಚಿಕ್ಕಪ್ಪನಿಗೆ ಇದು ಬೇಡವಾಗಿತ್ತೇನೋ ಅಂತ ನನಗೆ ಅಳುಕು. ಅವರು ಹತ್ತಿರ ಹೋಗಿ ಪಕ್ಕೆಲುಬುಗಳನ್ನು ಒಂದೊಂದಾಗಿ ನೋಡಿದರು.

"ಪಾಪ, ಇದಕ್ಕೆ ಯಾರೂ ಊಟ ಹಾಕಿಲ್ಲ ಕಣ್ಲಾ."

ನಕ್ಕುಬಿಟ್ಟೆ. ಅರ್ಚಕರೂ ನಕ್ಕರು.

ಕೆರೆ ಏರಿ ಮೇಲೆ ಕೂತು ಚಿಕ್ಕಪ್ಪ ಮಾತ್ರೆ ನುಂಗಿದರು. ಆಮೇಲೆ ಕೇಳಿದರು: "ಆ ಬೇಕರಿ ಈಗಲೂ ಇದೆಯೇನೋ? ಇದ್ರೆ ಮುಂದಿನ ಸಲ ಬರೋವಾಗ ನಾಲ್ಕು ಬನ್ನು ತಗೊಂಡ್ ಬಾ."